ವಿಷಮಶೀತ ಜ್ವರದ ಕ್ರಿಮಿಯನ್ನು ಗುರುತಿಸುವ ಬಗೆ

ಜ್ವರವು ಒಂದು ರೋಗವಲ್ಲ, ಅನೇಕ ರೋಗಗಳಿಗೆ ಸಮಾನವಾದ ಒಂದು ಲಕ್ಷಣ ಎಂದು ವೈದ್ಯರು ಹೇಳುವುದುಂಟು. ಮೈ ಕಾಯುತ್ತಿದೆ, ತಲೆ ನೋಯುತ್ತಿದೆ, ಬಾಯಿಗೆ ರುಚಿಯಿಲ್ಲ, ಹೊಟ್ಟೆ ಸರಿಯಾಗಿಲ್ಲ. ನಾಲ್ಕೈದು ದಿನ ಕಳೆದರೂ ಕಾವು ಇಳಿದಿಲ್ಲ. ಇಷ್ಟನ್ನು ಮನೆಯವರೆಲ್ಲರೂ ಬಲ್ಲರು. ಆದರೆ ಇದು ಮಲೇರಿಯವೋ, ಡೆಂಗಿಯೋ, ವಿಷಮಶೀತವೋ ಎಂಬುದನ್ನು ಹೊರಗಿನಿಂದ ನೋಡಿ ನಿಶ್ಚಯವಾಗಿ ಹೇಳುವುದು ನುರಿತ ವೈದ್ಯರಿಗೂ ಕಷ್ಟವಾದ ಕೆಲಸ.

ವಿಷಮಶೀತಕ್ಕೆ ಇಂಗ್ಲಿಷಿನಲ್ಲಿರುವ ಟೈಫಾಯ್ಡ್ ಎಂಬ ಹೆಸರೇ ಈ ಕಷ್ಟಕ್ಕೆ ಸಾಕ್ಷಿಯಾಗಿದೆ. ಟೈಫಸ್ ಎಂಬ ಬೇರೊಂದು ಜ್ವರವನ್ನು ಹೋಲತಕ್ಕದ್ದು ಎಂಬುದೇ ಆ ಮಾತಿನ ಅರ್ಥ. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಯೂರೋಪಿನ ವೈದ್ಯರಲ್ಲಿ ಅನೇಕರು ಇವೆರಡನ್ನೂ ಒಂದೇ ಎಂದು ತಿಳಿದಿದ್ದರು. ಟೈಫಸ್ ಹೇನಿನಿಂದ ಹರಡುವುದು. ಟೈಫಾಯ್ಡ್ ಮಲಿನವಾದ ನೀರು ಮತ್ತು ಆಹಾರಗಳಿಂದ ಹರಡುವುದು. ಒಂದನ್ನು ತಡೆಯಲು ಬಟ್ಟೆಬರೆಗಳನ್ನು ಶುದ್ಧಿಮಾಡಬೇಕು. ಇನ್ನೊಂದನ್ನು ತಡೆಯಲು ಕುಡಿಯುವ ನೀರನ್ನು ಶುದ್ಧಿಮಾಡಬೇಕು. ಹೆಸರು ತಪ್ಪಿದರೆ ಶುದ್ಧಿಯ ಕಾರ್ಯವೂ ತಪ್ಪುತ್ತದೆ. ಔಷಧದ ಮಾತಂತೂ ಹೇಳಲೇಬೇಕಾಗಿಲ್ಲ. ಆದುದರಿಂದ ರೋಗಕ್ಕೆ ಸರಿಯಾದ ಹೆಸರಿಡುವುದು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. ಆ ಹೆಸರನ್ನು ಪ್ರಯೋಗಶಾಲೆಯಲ್ಲಿ ಹೇಗೆ ಸಂಪಾದಿಸುತ್ತಾರೆ, ಅದಕ್ಕೆ ಮೂರು ನಾಲ್ಕು ದಿನಗಳೇಕೆ ಹಿಡಿಯುತ್ತವೆ ಎಂಬುದನ್ನು ತಿಳಿಸುವುದು ಈ ಭಾಷಣದ ಉದ್ದೇಶ.

ರೋಗಿಯ ರಕ್ತದ ಒಂದು ತೊಟ್ಟನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ನೋಡಿದರೆ ಕ್ರಿಮಿ ಕಾಣಬಾರದೆ, ಎಂದು ಯಾರಾದರೂ ಕೇಳಬಹುದು. ಮಲೇರಿಯದಲ್ಲಿ ಹಾಗೆ ಕಾಣುವುದು ನಿಜ. ವಿಷಮಶೀತದಲ್ಲಿ ಈ ಸುಲಭೋಪಾಯಕ್ಕೆ ಎರಡು ಅಡ್ಡಿಗಳುಂಟು. ಮೊದಲನೆಯದು ಕ್ರಿಮಿಗಳ ವಿರಳತೆ. ಈ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಒಂದೇ ಒಂದು ಜೀವಂತ ಕ್ರಿಮಿ ಇರುತ್ತದೆ. ಕೆಲವೊಮ್ಮೆ ಅದೂ ಇರುವುದಿಲ್ಲ. ಒಂದು ತೊಟ್ಟಿನಲ್ಲಿ ಅದನ್ನು ಹುಡುಕುವುದು ಕೆರೆಯ ಒಂದು ಬೊಗಸೆ ನೀರಿನಲ್ಲಿ ಮೀನನ್ನು ಹುಡುಕಿದಂತೆ. ಎರಡನೆಯ ಅಡ್ಡಿ ಇನ್ನೂ ದೊಡ್ಡದು. 1880ರಲ್ಲಿ ಎಬರ್ತ್ ಎಂಬ ಜರ್ಮನ್ ವಿದ್ವಾಂಸನು ಈ ರೋಗದಿಂದ ಸತ್ತವರ ಅಂಗಾಂಶಗಳಲ್ಲಿ ಕಂಡದ್ದು ಒಂದು ಗಿಡ್ಡನೆಯ ಕೋಲಿನಂತಹ ಜೀವಿ. ಅದರ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ಇದೇ ಉದ್ದದ, ಇದೇ ಆಕಾರದ ಇತರ ಜೀವಿಗಳು ಎಷ್ಟೋ ಇವೆ. 1885ರಲ್ಲಿ ಎಶರಿಖ್ ಎಂಬ ಮಕ್ಕಳ ವೈದ್ಯನು ವರ್ಣಿಸಿದ, ಆರೋಗ್ಯವಂತರಾದ ನಮ್ಮೆಲ್ಲರ ಕರುಳಿನಲ್ಲಿಯೂ ವಾಸಮಾಡುತ್ತಿರುವ ಎಶರಿಕಿಯ ಕೋಲೈ ಅಂತಹವುಗಳಲ್ಲಿ ಒಂದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಈ ಲೋಕಕ್ಕೂ ಸಲ್ಲುತ್ತದೆ. ಇಲ್ಲಿ ರೂಪವನ್ನು ನೋಡಿ ಕುಲವನ್ನು ಹೇಳುವಂತಿಲ್ಲ.

ರೂಪದ ಮಟ್ಟದಲ್ಲಿಯೇ ಒಂದು ದೊಡ್ಡ ವಿಂಗಡಣೆಯನ್ನು ಸಾಧ್ಯಮಾಡಿಕೊಟ್ಟವನು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಎಂಬ ವೈದ್ಯನು. 1884ರಲ್ಲಿ ಅವನು ಬರ್ಲಿನ್ನಿನ ಒಂದು ಆಸ್ಪತ್ರೆಯಲ್ಲಿ ಫ್ರೀಡ್‌ಲ್ಯಾಂಡರ್ ಎಂಬಾತನ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದನು. ನ್ಯುಮೋನಿಯದಿಂದ ಸತ್ತವರ ಶ್ವಾಸಕೋಶದಲ್ಲಿ ಕ್ರಿಮಿಗಳನ್ನು ಸ್ಪಷ್ಟವಾಗಿ ಕಾಣುವಂತೆ ಮಾಡಬೇಕೆಂಬುದು ಅವನ ಉದ್ದೇಶ. ಅವನು ಕಂಡುಹಿಡಿದ ವಿಧಾನ ಇಂದಿಗೂ ಸ್ವಲ್ಪ ಮಾರ್ಪಾಡಿನೊಡನೆ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ನಡೆಯುತ್ತಿದೆ. ಗಾಜಿನ ಬಿಲ್ಲೆಯ ಮೇಲೆ ಕ್ರಿಮಿಗಳನ್ನು ತೆಳುವಾಗಿ ಬಳಿದು, ಒಣಗಿಸಿ, ಕಾವು ತೋರಿಸಿ ಅಂಟಿಸುತ್ತಾರೆ. ಅದರ ಮೇಲೆ ಕಡುನೇರಳೆ ಬಣ್ಣವನ್ನು ಹಾಕುತ್ತಾರೆ. ಬಳಿಕ ಅಯೊಡೀನ್ ದ್ರಾವಣವನ್ನು ಹಾಕುತ್ತಾರೆ. ಆಮೇಲೆ ಮದ್ಯಸಾರದಿಂದ ತೊಳೆಯುತ್ತಾರೆ. ಕೆಲವು ಕ್ರಿಮಿಗಳು ನೇರಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕೆಲವು ಒಡನೆಯೇ ಬಿಟ್ಟುಕೊಡುತ್ತವೆ. ಬಿಟ್ಟುಕೊಟ್ಟವು ಕಣ್ಣಿಗೆ ಕಾಣಲೆಂದು ಕೊನೆಯಲ್ಲಿ ಒಂದು ಕೆಂಪು ಬಣ್ಣವನ್ನು ಸವರುತ್ತಾರೆ. ನೇರಳೆಯಾಗಿ ಉಳಿದವು ಗ್ರಾಂ-ಪಾಸಿಟಿವ್, ಕೆಂಪಾದವು ಗ್ರಾಂ-ನೆಗೆಟಿವ್. ತೂಕದ ಗ್ರಾಮಿಗೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು; ಎಷ್ಟೋ ಮಂದಿ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮೋಸಹೋಗುತ್ತಾರೆ.

ಈ ಬಣ್ಣದ ವ್ಯತ್ಯಾಸಕ್ಕೆ ಕಾರಣವು ಕ್ರಿಮಿಯ ಹೊರಗೋಡೆಯಲ್ಲಿದೆ. ಗ್ರಾಂ-ಪಾಸಿಟಿವ್ ಕ್ರಿಮಿಗಳ ಗೋಡೆ ದಪ್ಪ. ಮದ್ಯಸಾರ ತಗುಲಿದಾಗ ಅದು ಬಿಗಿದುಕೊಂಡು ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ಗ್ರಾಂ-ನೆಗೆಟಿವ್ ಕ್ರಿಮಿಗಳ ಗೋಡೆ ತೆಳು. ಆದರೆ ಅದರ ಹೊರಗೆ ಕೊಬ್ಬಿನ ಅಂಶವುಳ್ಳ ಇನ್ನೊಂದು ಪೊರೆ ಇರುತ್ತದೆ. ಮದ್ಯಸಾರವು ಆ ಪೊರೆಯನ್ನು ಕೆಡಿಸುವುದರಿಂದ ಬಣ್ಣ ಹೊರಗೆ ಹರಿದುಹೋಗುತ್ತದೆ. ಈ ಹೊರಪೊರೆ ರೋಗಿಗೂ ಸಂಬಂಧಪಟ್ಟ ವಸ್ತು. ಜ್ವರವನ್ನೂ ಆಘಾತವನ್ನೂ ಉಂಟುಮಾಡುವ ಒಂದು ವಿಷವು ಈ ಪೊರೆಯಲ್ಲಿಯೇ ಸೇರಿಕೊಂಡಿದೆ. ಅನೇಕ ಔಷಧಗಳು ಒಳಹೊಗದಂತೆ ತಡೆಯುವುದೂ ಇದೇ ಪೊರೆ. ಎಷ್ಟೋ ಗ್ರಾಂ-ಪಾಸಿಟಿವ್ ಕ್ರಿಮಿಗಳ ಮೇಲೆ ಅದ್ಭುತವಾದ ಪರಿಣಾಮವನ್ನು ತೋರಿಸಿದ ಪೆನಿಸಿಲಿನ್ ವಿಷಮಶೀತದಲ್ಲಿ ಕೆಲಸಕ್ಕೆ ಬಾರದೆಹೋದುದಕ್ಕೆ ಇದೊಂದು ಮುಖ್ಯ ಕಾರಣ.

ಆದರೆ ಕೆಂಪು ಕೋಲು ಎಂದು ತಿಳಿದ ಮಾತ್ರಕ್ಕೆ ಹೆಸರು ತಿಳಿದಂತಾಗಲಿಲ್ಲ. ವಿಷಮಶೀತದ ಕ್ರಿಮಿ, ಆಮಶಂಕೆಯ ಕ್ರಿಮಿ, ಪ್ಲೇಗಿನ ಕ್ರಿಮಿ, ನಮ್ಮ ಕರುಳಿನ ನೆರೆಯವನಾದ ಕೋಲೈ, ಎಲ್ಲವೂ ಗ್ರಾಂ-ನೆಗೆಟಿವ್ ಕೋಲುಗಳೇ. ಇನ್ನು ಮುಂದೆ ನೋಡಬೇಕಾದುದು ರೂಪವನ್ನಲ್ಲ, ನಡತೆಯನ್ನು. ನಡತೆಯನ್ನು ನೋಡಬೇಕಾದರೆ ಕ್ರಿಮಿಯನ್ನು ಬೆಳೆಸಬೇಕು.

ಬೆಳೆಸುವ ಕೆಲಸಕ್ಕೆ ಕೃಷಿ ಎಂದೇ ಹೆಸರು; ಅದು ತಕ್ಕ ಹೆಸರು. ವಯಸ್ಕ ರೋಗಿಯಿಂದ ಸುಮಾರು ಹತ್ತು ಮಿಲಿಲೀಟರ್ ರಕ್ತವನ್ನು ತೆಗೆದು ಅದರ ಐದರಿಂದ ಹತ್ತರಷ್ಟು ಪೋಷಕ ದ್ರವದಲ್ಲಿ ಬೆರೆಸುತ್ತಾರೆ. ರಕ್ತಕ್ಕೆ ತಾನಾಗಿಯೇ ಕ್ರಿಮಿಗಳನ್ನು ಕೊಲ್ಲುವ ಶಕ್ತಿಯಿರುವುದರಿಂದ ಅದನ್ನು ಹೀಗೆ ತೆಳುಮಾಡುವುದು ಅವಶ್ಯಕ. ಈ ಸೀಸೆಯನ್ನು ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಟ್ಟರೆ, ಹತ್ತಾರು ಕ್ರಿಮಿಗಳು ಒಂದೆರಡು ದಿನಗಳಲ್ಲಿ ಕೋಟಿಗಟ್ಟಲೆಯಾಗುತ್ತವೆ. ಬಳಿಕ ತಂತಿಯ ಸಣ್ಣ ಕುಣಿಕೆಯಿಂದ ಒಂದಿಷ್ಟನ್ನು ಎತ್ತಿ, ಗಟ್ಟಿಯಾದ ಪೋಷಕದ ಮೇಲೆ ಗೆರೆ ಎಳೆದಂತೆ ಬಿತ್ತುತ್ತಾರೆ. ಗೆರೆಯ ಕೊನೆಯಲ್ಲಿ ಕ್ರಿಮಿಗಳು ಒಂದೊಂದಾಗಿ ಬೇರೆ ಬೇರೆ ಬೀಳುತ್ತವೆ. ಮಾರನೆಯ ದಿನ ಪ್ರತಿಯೊಂದು ಬಿದ್ದ ಸ್ಥಳದಲ್ಲಿಯೂ ಅದರ ಸಂತತಿಯೇ ತುಂಬಿದ ಒಂದು ಚುಕ್ಕೆ, ಸಾಸಿವೆ ಕಾಳಿನಷ್ಟು, ಬರಿಗಣ್ಣಿಗೆ ಕಾಣುತ್ತದೆ. ಒಂದು ಚುಕ್ಕೆಯಲ್ಲಿರುವುದು ಒಂದೇ ವಂಶ. ಈ ಪರಿಶುದ್ಧಿಯಿಲ್ಲದೆ ಮುಂದಿನ ಯಾವ ಪರೀಕ್ಷೆಗೂ ಬೆಲೆಯಿಲ್ಲ. 1884ರಲ್ಲಿ, ಎಂದರೆ ಗ್ರಾಮನ ವಿಧಾನ ಪ್ರಕಟವಾದ ವರ್ಷದಲ್ಲಿಯೇ, ವಿಷಮಶೀತದ ಕ್ರಿಮಿಯನ್ನು ಹೀಗೆ ಪರಿಶುದ್ಧವಾಗಿ ಬೆಳೆಸಿದವನು ಕಾಖನ ಸಹಾಯಕನಾದ ಗಾಫ್ಕಿ.

ಈ ಗಟ್ಟಿ ಪೋಷಕದ ಹಿಂದೆ ಒಬ್ಬ ಗೃಹಿಣಿಯ ಜಾಣ್ಮೆಯಿದೆ. ಮೊದಲು ಇದಕ್ಕೆ ಜೆಲಟಿನ್ ಉಪಯೋಗಿಸುತ್ತಿದ್ದರು. ಅದು ದೇಹದ ಉಷ್ಣತೆಯಲ್ಲಿ ಕರಗಿ ನೀರಾಗುತ್ತಿತ್ತು. ಕಾಖನ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ಹೆಸ್ಸೆ ಎಂಬ ವೈದ್ಯನ ಪತ್ನಿ ಫ್ಯಾನಿ ಹೆಸ್ಸೆ, ತಾನು ಅಡುಗೆಮನೆಯಲ್ಲಿ ಬಳಸುತ್ತಿದ್ದ ಅಗರ್ ಎಂಬ ಕಡಲಪಾಚಿಯ ಸಾರವನ್ನು ಹಾಕಿ ನೋಡಬಹುದೆಂದು ಸೂಚಿಸಿದಳು. ಅಗರ್ ಒಮ್ಮೆ ಹೆಪ್ಪುಗಟ್ಟಿದರೆ 37 ಡಿಗ್ರಿಯಲ್ಲಿ ಕರಗುವುದಿಲ್ಲ. ಕ್ರಿಮಿಗಳೂ ಅದನ್ನು ಸಾಮಾನ್ಯವಾಗಿ ತಿನ್ನಲಾರವು. ಇಂದು ಜಗತ್ತಿನ ಯಾವ ಪ್ರಯೋಗಶಾಲೆಯೂ ಅಗರ್ ಇಲ್ಲದೆ ಒಂದು ದಿನವನ್ನೂ ಕಳೆಯಲಾರದು.

ಇನ್ನು ನಡತೆಯ ಪರೀಕ್ಷೆ. ಇಂಗ್ಲೆಂಡಿನ ಆಲ್ಫ್ರೆಡ್ ಮ್ಯಾಕಾಂಕಿ ಎಂಬ ವೈದ್ಯನು 1905ರಲ್ಲಿ ಪ್ರಕಟಿಸಿದ ಪೋಷಕವು ಇದರಲ್ಲಿ ಮೊದಲ ಮೆಟ್ಟಿಲು. ಅದರಲ್ಲಿ ಪಿತ್ತರಸದ ಲವಣಗಳು, ಹಾಲಿನ ಸಕ್ಕರೆ, ಮತ್ತು ಹುಳಿ ತಗುಲಿದರೆ ಕೆಂಪಾಗುವ ಒಂದು ಬಣ್ಣ, ಈ ಮೂರೂ ಸೇರಿವೆ. ಪಿತ್ತಲವಣವು ಕರುಳಿನಲ್ಲಿ ಬಾಳಲಾರದ ಎಷ್ಟೋ ಕ್ರಿಮಿಗಳನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಕರುಳಿನ ವಾಸಿಗಳಿಗೆ ಅದರ ಭಯವಿಲ್ಲ. ಒಳಗೆ ಬಂದವುಗಳ ಮುಂದೆ ಹಾಲಿನ ಸಕ್ಕರೆಯನ್ನು ಇಟ್ಟಂತಾಗಿದೆ. ಕೋಲೈ ಅದನ್ನು ಆಶೆಯಿಂದ ತಿಂದು ಹುಳಿಯನ್ನು ಬಿಡುತ್ತದೆ. ಅದರ ಚುಕ್ಕೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ವಿಷಮಶೀತದ ಕ್ರಿಮಿ ಹಾಲಿನ ಸಕ್ಕರೆಯನ್ನು ಮುಟ್ಟುವುದಿಲ್ಲ. ಅದರ ಚುಕ್ಕೆಗಳು ಬಣ್ಣವಿಲ್ಲದೆ ಪಾರದರ್ಶಕವಾಗಿ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವಳಿಗಳಂತೆ ಕಂಡವು ಇಲ್ಲಿ ಬರಿಗಣ್ಣಿಗೇ ಬೇರೆಯಾಗಿ ತೋರುತ್ತವೆ.

ಬಣ್ಣವಿಲ್ಲದ ಚುಕ್ಕೆಗಳೆಲ್ಲವೂ ವಿಷಮಶೀತದವಲ್ಲ. ಅವನ್ನು ಮುಂದಿನ ನಳಿಗೆಯಲ್ಲಿ ಬಿತ್ತುತ್ತಾರೆ. ಈ ಗಾಜಿನ ನಳಿಗೆಯಲ್ಲಿ ಅಗರನ್ನು ಓರೆಯಾಗಿ ಹೆಪ್ಪುಗಟ್ಟಿಸಿರುತ್ತಾರೆ. ಅದರಲ್ಲಿ ಹಾಲಿನ ಸಕ್ಕರೆ, ಕಬ್ಬಿನ ಸಕ್ಕರೆ, ಅವುಗಳ ಹತ್ತನೆಯ ಒಂದು ಭಾಗದಷ್ಟು ಗ್ಲೂಕೋಸ್, ಸ್ವಲ್ಪ ಕಬ್ಬಿಣದ ಲವಣ, ಗಂಧಕವುಳ್ಳ ಒಂದು ಲವಣ ಮತ್ತು ಹುಳಿಯಲ್ಲಿ ಹಳದಿಯೂ ಕ್ಷಾರದಲ್ಲಿ ಕೆಂಪೂ ಆಗುವ ಬಣ್ಣ ಸೇರಿರುತ್ತವೆ. ಕೋಲೈ ಇಲ್ಲಿ ಎಲ್ಲವನ್ನೂ ತಿಂದು ಇಡೀ ನಳಿಗೆಯನ್ನು ಹಳದಿಮಾಡುತ್ತದೆ; ಅದು ಬಿಡುವ ಅನಿಲದಿಂದ ಅಗರ್ ಬಿರುಕುಬಿಡುತ್ತದೆ. ವಿಷಮಶೀತದ ಕ್ರಿಮಿ ಗ್ಲೂಕೋಸನ್ನು ಮಾತ್ರ ತಿನ್ನುತ್ತದೆ. ಗ್ಲೂಕೋಸ್ ಸ್ವಲ್ಪವೇ ಇರುವುದರಿಂದ ಬೇಗ ಮುಗಿದು, ಗಾಳಿ ತಗಲುವ ಮೇಲ್ಭಾಗ ಮತ್ತೆ ಕೆಂಪಾಗುತ್ತದೆ; ತಳ ಹಳದಿಯಾಗಿಯೇ ಉಳಿಯುತ್ತದೆ. ಗಂಧಕದಿಂದ ಹುಟ್ಟುವ, ಕೊಳೆತ ಮೊಟ್ಟೆಯ ವಾಸನೆಯ ಅನಿಲವು ಕಬ್ಬಿಣದೊಡನೆ ಸೇರಿ, ಎರಡು ಬಣ್ಣಗಳೂ ಸಂಧಿಸುವಲ್ಲಿ ತೆಳ್ಳಗಿನ ಕಪ್ಪು ಗೆರೆಯೊಂದನ್ನು ಮೂಡಿಸುತ್ತದೆ. ಮುಖ್ಯವಾದ ಇನ್ನೊಂದು ಗುರುತೆಂದರೆ, ತಳದಲ್ಲಿ ಅನಿಲದ ಗುಳ್ಳೆ ಇರುವುದಿಲ್ಲ. ಇದರ ಹತ್ತಿರದ ಬಂಧುಗಳಾದ ಇತರ ಸಾಲ್ಮೊನೆಲ್ಲಗಳು ಬಹುಮಟ್ಟಿಗೆ ಗುಳ್ಳೆಯನ್ನು ಬಿಡುತ್ತವೆ. ಹೀಗೆ ಇದ್ದ ಬಣ್ಣವೂ ಇಲ್ಲದ ಗುಳ್ಳೆಯೂ ಒಂದೇ ತೂಕದ ಸಾಕ್ಷ್ಯಗಳು.

ಆದರೂ ಇದೇ ವೇಷದಲ್ಲಿ ಬರುವ ಇತರರುಂಟು. ಆಮಶಂಕೆಯ ಕ್ರಿಮಿಯಾದ ಷಿಗೆಲ್ಲವೂ ಮೇಲೆ ಕೆಂಪನ್ನೂ ಕೆಳಗೆ ಹಳದಿಯನ್ನೂ ತೋರಿಸುತ್ತದೆ. ಆದರೆ ಅದಕ್ಕೆ ಚಲನೆಯಿಲ್ಲ. ವಿಷಮಶೀತದ ಕ್ರಿಮಿಗೆ ಬಾಲದಂತಹ ಎಳೆಗಳಿದ್ದು ಅದು ಈಜಬಲ್ಲುದು. ಪ್ರೋಟಿಯಸ್ ಎಂಬ ಇನ್ನೊಂದು ಈಜಬಲ್ಲುದು, ಕಪ್ಪನ್ನೂ ಮೂಡಿಸಬಲ್ಲುದು. ಆದರೆ ಅದು ಯೂರಿಯವನ್ನು ಒಡೆದು ಕೆಲವು ಗಂಟೆಗಳಲ್ಲಿಯೇ ಕ್ಷಾರವನ್ನು ಮಾಡುತ್ತದೆ, ವಿಷಮಶೀತದ್ದು ಒಡೆಯುವುದಿಲ್ಲ. ಹೀಗೆ ಒಂದೊಂದು ಪರೀಕ್ಷೆಯೂ ಹೆಸರನ್ನು ತಾನೇ ಹೇಳುವುದಿಲ್ಲ; ಒಂದೊಂದು ಸುಳ್ಳು ಹೆಸರನ್ನು ತಳ್ಳಿಹಾಕುತ್ತ ಹೋಗುತ್ತದೆ.

ಕೊನೆಯ ಪರೀಕ್ಷೆ ರಕ್ತರಸದ್ದು. ವಿಷಮಶೀತದ ಕ್ರಿಮಿಗೆ ಎದುರಾಗಿ ಪ್ರಾಣಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳುಳ್ಳ ರಕ್ತರಸದ ತೊಟ್ಟಿನಲ್ಲಿ ಅನುಮಾನದ ಕ್ರಿಮಿಯನ್ನು ಕದಡಿದರೆ, ಹೆಸರು ಸರಿಯಾಗಿದ್ದಲ್ಲಿ, ಹಾಲು ಒಡೆದಂತೆ ಕ್ಷಣಮಾತ್ರದಲ್ಲಿ ಹರಳುಗಟ್ಟುತ್ತದೆ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಫೀಲಿಕ್ಸ್ ಮತ್ತು ಪಿಟ್ ಎಂಬವರು 1934ರಲ್ಲಿ ತೋರಿಸಿದಂತೆ, ಈ ಕ್ರಿಮಿ ಕೆಲವೊಮ್ಮೆ ವಿಐ ಎಂಬ ಒಂದು ಹೊದಿಕೆಯನ್ನು ಹೊದ್ದಿರುತ್ತದೆ. ಆಗ ಒಳಗಿನ ಗುರುತು ರಕ್ತರಸಕ್ಕೆ ಸಿಕ್ಕುವುದಿಲ್ಲ. ಕ್ರಿಮಿಯ ದ್ರವವನ್ನು ಕುದಿಸಿ ಹೊದಿಕೆಯನ್ನು ಕಳಚಿದ ಮೇಲೆ ಅದು ಹರಳುಗಟ್ಟುತ್ತದೆ. ಸಾಲ್ಮೊನೆಲ್ಲ ಕುಲದಲ್ಲಿ ಈ ರೀತಿ ವಿಂಗಡಿಸಿದ ಬಗೆಗಳು 2,500ಕ್ಕೂ ಹೆಚ್ಚು. ಅಷ್ಟರಲ್ಲಿ ಒಂದನ್ನು ಬೆರಳಿಟ್ಟು ತೋರಿಸುವುದು ಈ ಕೊನೆಯ ಮೆಟ್ಟಿಲಿನಲ್ಲಿಯೇ.

ಇದೇ ತತ್ತ್ವವನ್ನು ತಲೆಕೆಳಗು ಮಾಡಿದರೆ, ನಮ್ಮ ಊರುಗಳಲ್ಲಿ ಮನೆಮಾತಾಗಿರುವ ವಿಡಾಲ್ ಪರೀಕ್ಷೆಯಾಗುತ್ತದೆ. ಪ್ಯಾರಿಸ್ಸಿನ ಫರ್ನಾಂಡ್ ವಿಡಾಲನು 1896ರಲ್ಲಿ ಇದನ್ನು ಬಳಕೆಗೆ ತಂದನು. ಇಲ್ಲಿ ಗೊತ್ತಿರುವುದು ಕ್ರಿಮಿ. ಹುಡುಕುವುದು ರೋಗಿಯ ರಕ್ತದಲ್ಲಿರುವ ಪ್ರತಿಕಾಯವನ್ನು. ಕೆಲವು ಗಂಟೆಗಳಲ್ಲಿ ಉತ್ತರ ಬರುತ್ತದೆ, ಖರ್ಚೂ ಕಡಮೆ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದು ನಮ್ಮ ತಾರ್ಕಿಕರ ಪ್ರಸಿದ್ಧವಾದ ಉದಾಹರಣೆ. ಆದರೆ ಪ್ರತಿಕಾಯವು ಬೆಂಕಿ ಆರಿದ ಮೇಲೆಯೂ ಬಹುಕಾಲ ಉಳಿಯುವ ಹೊಗೆ. ಹಿಂದೆಂದೋ ಬಂದುಹೋದ ಜ್ವರ, ಹಾಕಿಸಿಕೊಂಡ ಲಸಿಕೆ, ಬಂಧುಕುಲದ ಇನ್ನೊಂದು ಕ್ರಿಮಿಯ ಸೋಂಕು, ಇವೆಲ್ಲವೂ ಆ ಹೊಗೆಯನ್ನು ಎಬ್ಬಿಸಬಲ್ಲವು. ಇತ್ತ ಜ್ವರದ ಮೊದಲ ವಾರದಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರದೆ, ನಿಜವಾದ ರೋಗಿಯಲ್ಲಿಯೂ ಪರೀಕ್ಷೆ ಸುಮ್ಮನಿರಬಹುದು. ಒಂದು ವಾರದ ಅಂತರದಲ್ಲಿ ಎರಡು ಸಲ ನೋಡಿ ಪ್ರಮಾಣ ಏರಿದೆಯೆ ಎಂದು ತಿಳಿದರೆ ಅದಕ್ಕೆ ಬೆಲೆಯುಂಟು. ವಿಷಮಶೀತವು ಸಾಮಾನ್ಯವಾಗಿರುವ ನಮ್ಮಂತಹ ನಾಡಿನಲ್ಲಿ ಒಂದೇ ಸಲ ಮಾಡಿದ ವಿಡಾಲ್ ಪರೀಕ್ಷೆಯ ಚೀಟಿಯನ್ನು ಹಿಡಿದು ಇದೇ ರೋಗವೆಂದು ನಿರ್ಣಯಿಸುವುದು ಯುಕ್ತವಲ್ಲ.

ಕೃಷಿಯ ಪರೀಕ್ಷೆಗೂ ಮಿತಿಯಿಲ್ಲದೆ ಇಲ್ಲ. ನಿಜವಾದ ನೂರು ರೋಗಿಗಳ ರಕ್ತವನ್ನು ಬಿತ್ತಿದರೆ ಸುಮಾರು 40ರಿಂದ 60 ಮಂದಿಯಲ್ಲಿ ಮಾತ್ರ ಕ್ರಿಮಿ ಸಿಕ್ಕುತ್ತದೆ. ಎಲುಬಿನ ಮಜ್ಜೆಯಲ್ಲಿ ಹುಡುಕಿದರೆ ಹೆಚ್ಚು ಮಂದಿಯಲ್ಲಿ ಸಿಕ್ಕುತ್ತದೆ. ಆದರೆ ಅದು ಎಲ್ಲರಿಗೂ ಮಾಡುವ ಪರೀಕ್ಷೆಯಲ್ಲ. ಆದುದರಿಂದ ಕಾಣಲಿಲ್ಲ ಎಂಬ ಮಾತಿಗೆ ಇಲ್ಲ ಎಂದು ಅರ್ಥಮಾಡಬಾರದು. ಈ ಎರಡು ಮಾತುಗಳ ಅಂತರ ಎಷ್ಟೆಂಬುದನ್ನು ನ್ಯೂಯಾರ್ಕಿನ ಮೇರಿ ಮ್ಯಾಲನ್ ಎಂಬ ಅಡುಗೆಯವಳ ವೃತ್ತಾಂತ ತೋರಿಸುತ್ತದೆ. ಅವಳು ಕೆಲಸಮಾಡಿದ ಮನೆಗಳಲ್ಲಿ ವಿಷಮಶೀತ ಕಾಣಿಸಿಕೊಳ್ಳುತ್ತಿತ್ತು; ಅವಳು ಮಾತ್ರ ಗಟ್ಟಿಮುಟ್ಟಾಗಿದ್ದಳು. 1907ರಲ್ಲಿ ಅಧಿಕಾರಿಗಳು ಅವಳನ್ನು ಹಿಡಿದು ಮಲವನ್ನು ಪರೀಕ್ಷಿಸಿದಾಗ ಕ್ರಿಮಿ ಸಿಕ್ಕಿತು. ಬಳಿಕ ನಡೆದ ಪರೀಕ್ಷೆಗಳಲ್ಲಿ ಕೆಲವು ಸಲ ಸಿಕ್ಕಿತು, ಕೆಲವು ಸಲ ಸಿಕ್ಕಲಿಲ್ಲ. ಇಂತಹ ವಾಹಕರ ಪಿತ್ತಕೋಶದಲ್ಲಿ ಅಡಗಿದ ಕ್ರಿಮಿ ಬಿಟ್ಟುಬಿಟ್ಟು ಹೊರಬರುವುದೇ ಅದಕ್ಕೆ ಕಾರಣ. ತನಗೆ ರೋಗವೇ ಇಲ್ಲವೆಂದು ಅವಳು ಕೊನೆಯವರೆಗೂ ನಂಬಿದ್ದಳು. 1910ರಲ್ಲಿ ಬಿಡುಗಡೆಯಾಗಿ, ಮತ್ತೆ ಅಡುಗೆಗೆ ನಿಂತು, 1915ರಲ್ಲಿ ಸಿಕ್ಕಿಬಿದ್ದು, 1938ರಲ್ಲಿ ಸಾಯುವವರೆಗೆ ಒಂದು ದ್ವೀಪದಲ್ಲಿ ಪ್ರತ್ಯೇಕವಾಗಿ ಬಾಳಿದಳು. ಪ್ರಯೋಗಶಾಲೆಯ ಒಂದು ಹೆಸರು ಊರಿನವರ ಪ್ರಾಣವನ್ನು ಉಳಿಸಬಹುದು. ಒಬ್ಬಳ ಸ್ವಾತಂತ್ರ್ಯವನ್ನು ಕಳೆಯಲೂಬಹುದು. ಅದನ್ನು ಉಚ್ಚರಿಸುವವರಿಗೆ ಎಷ್ಟು ಎಚ್ಚರವಿದ್ದರೂ ಸಾಲದು.

ಹೆಸರು ತಿಳಿದ ಮೇಲೆ ಉಳಿಯುವ ಪ್ರಶ್ನೆ ಔಷಧದ್ದು. ಮಲಯದಲ್ಲಿ ನಡೆದ ಪರೀಕ್ಷೆಗಳಿಂದ 1948ರಲ್ಲಿ ಕ್ಲೋರಾಂಫೆನಿಕಾಲ್ ಈ ರೋಗವನ್ನು ಗುಣಪಡಿಸಬಲ್ಲುದೆಂದು ತಿಳಿದುಬಂತು. ವಾರಗಟ್ಟಲೆ ಕಾದು ಕುಳಿತಿರುತ್ತಿದ್ದ ಮನೆಗಳಿಗೆ ಅದು ವರವಾಯಿತು. ಆದರೆ 1972ರಲ್ಲಿ ಮೆಕ್ಸಿಕೋ ದೇಶದಲ್ಲಿಯೂ ನಮ್ಮ ನೆರೆಯ ಕಲ್ಲಿಕೋಟೆಯಲ್ಲಿಯೂ ಈ ಔಷಧಕ್ಕೆ ಬಗ್ಗದ ವಿಷಮಶೀತ ಹರಡಿತು. 2016ರ ಕೊನೆಯಲ್ಲಿ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕಾಣಿಸಿಕೊಂಡ ಕ್ರಿಮಿ, ಒಂದಾದ ಮೇಲೊಂದು ಬಳಕೆಗೆ ಬಂದ ಐದು ಬಗೆಯ ಔಷಧಗಳನ್ನು ಒಟ್ಟಿಗೆ ಎದುರಿಸಿತು. ಆದುದರಿಂದ ಈಗ ಹೆಸರಿನೊಡನೆ ಸ್ವಭಾವವನ್ನೂ ಕೇಳಬೇಕಾಗಿದೆ. ಔಷಧದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನು ಕ್ರಿಮಿ ಬಿತ್ತಿದ ಅಗರಿನ ಮೇಲೆ ಇಡುತ್ತಾರೆ. ಮಾರನೆಯ ದಿನ ಬಿಲ್ಲೆಯ ಸುತ್ತ ಬೆಳೆಯಿಲ್ಲದ ಬಯಲು ತಕ್ಕಷ್ಟು ಅಗಲವಾಗಿದ್ದರೆ ಆ ಔಷಧ ಸಲ್ಲುವುದು; ಬೆಳೆ ಬಿಲ್ಲೆಯ ಅಂಚಿಗೆ ಬಂದಿದ್ದರೆ ಸಲ್ಲದು. ಕ್ರಿಮಿಯನ್ನು ಬೆಳೆಸದೆ ಈ ಪರೀಕ್ಷೆಯನ್ನು ಮಾಡುವಂತಿಲ್ಲ. ವಿಡಾಲ್ ಪರೀಕ್ಷೆ ಎಂದಿಗೂ ಕೊಡಲಾರದ ತಿಳಿವು ಇದು.

ಹೊಸ ಯಂತ್ರಗಳು ಬಂದಿಲ್ಲವೆ, ಎಂದು ಕೇಳಬಹುದು. ಬಂದಿವೆ. ರಕ್ತದ ಸೀಸೆಯಲ್ಲಿ ಕ್ರಿಮಿ ಬೆಳೆದ ಕೂಡಲೇ ಅದು ಬಿಡುವ ಅಂಗಾರಾಮ್ಲ ವಾಯುವನ್ನು ಗ್ರಹಿಸಿ ಸೂಚನೆ ಕೊಡುವ ಯಂತ್ರವಿದೆ. ಬೆಳೆದ ಚುಕ್ಕೆಗೆ ಲೇಸರ್ ಕಿರಣವನ್ನು ಹಾಯಿಸಿ, ಅದರ ಪ್ರೋಟೀನುಗಳನ್ನು ತೂಗಿ, ಕೆಲವು ನಿಮಿಷಗಳಲ್ಲಿ ಕುಲವನ್ನು ಹೇಳುವ ಯಂತ್ರವೂ ಇದೆ. ಆದರೆ ಅದು ಸಾಲ್ಮೊನೆಲ್ಲ ಎಂದು ಹೇಳೀತೇ ಹೊರತು, ವಿಷಮಶೀತದ್ದೇ ಎಂದು ಭರವಸೆಯಿಂದ ಹೇಳಲಾರದು. ಕೋಲೈಗೂ ಷಿಗೆಲ್ಲಕ್ಕೂ ಇರುವ ಭೇದವನ್ನು ಕಾಣುವುದೂ ಅದಕ್ಕೆ ಕಷ್ಟ. ಅಲ್ಲಿ ಹಾಲಿನ ಸಕ್ಕರೆ, ಗುಳ್ಳೆಯಿಲ್ಲದ ನಳಿಗೆ, ರಕ್ತರಸದ ತೊಟ್ಟುಗಳ ಸಹಾಯ ಇಂದಿಗೂ ಬೇಕಾಗುತ್ತದೆ.

ಇಷ್ಟರಿಂದ ಗೃಹಸ್ಥರು ನೆನಪಿನಲ್ಲಿಡಬೇಕಾದುದು ಸ್ವಲ್ಪವೇ. ಜ್ವರ ಹಿಡಿದು ನಿಂತಾಗ, ಔಷಧದ ಅಂಗಡಿಯಿಂದ ತಾವಾಗಿಯೇ ನಾಲ್ಕು ಮಾತ್ರೆಗಳನ್ನು ತಂದು ನುಂಗಿದರೆ ರಕ್ತದಲ್ಲಿದ್ದ ಆ ವಿರಳವಾದ ಕ್ರಿಮಿಗಳು ಸಾಯದಿದ್ದರೂ ಕುಗ್ಗುತ್ತವೆ. ಆಮೇಲೆ ಬಿತ್ತಿದ ಸೀಸೆಯಲ್ಲಿ ಏನೂ ಬೆಳೆಯದೆಹೋಗಬಹುದು. ಆದುದರಿಂದ ಮೊದಲು ವೈದ್ಯರನ್ನು ಕಂಡು, ಔಷಧಕ್ಕೆ ಮುಂಚೆ, ಆದಷ್ಟು ಮೊದಲ ವಾರದಲ್ಲಿಯೇ, ಕೃಷಿಗಾಗಿ ರಕ್ತವನ್ನು ಕೊಡಬೇಕು. ರಕ್ತ ಕೊಟ್ಟ ಮೇಲೆ ಉತ್ತರ ಬರುವವರೆಗೆ ಚಿಕಿತ್ಸೆಯನ್ನು ನಿಲ್ಲಿಸಬೇಕಾಗಿಲ್ಲ. ವೈದ್ಯರು ತಮಗೆ ತೋರಿದ ಔಷಧವನ್ನು ಆರಂಭಿಸಬಹುದು, ಉತ್ತರ ಬಂದ ಮೇಲೆ ಬದಲಾಯಿಸಲೂಬಹುದು. ಉತ್ತರಕ್ಕೆ ಮೂರು ನಾಲ್ಕು ದಿನ ಹಿಡಿದರೆ ಪ್ರಯೋಗಶಾಲೆಯವರನ್ನು ಆಕ್ಷೇಪಿಸಬಾರದು. ಆ ದಿನಗಳಲ್ಲಿ ಅಲ್ಲಿ ಬಿತ್ತನೆಯಾಗುತ್ತಿರುತ್ತದೆ, ಪೈರು ಏಳುತ್ತಿರುತ್ತದೆ, ಕಳೆಯನ್ನು ಬೇರ್ಪಡಿಸುತ್ತಿರುತ್ತಾರೆ. ಬೇಸಾಯಕ್ಕೆ ಹಿಡಿಯುವ ಕಾಲ ಹಿಡಿದೇ ತೀರಬೇಕು.